ಡ್ಯೂ ಕೋರ್ಸ್ ಮಾವ

ನಮ್ಮ ಮಾವನಿಗೆ ಅವನ ಕಚೇರಿಯವರು ಇಟ್ಟಿದ್ದ ಹೆಸರು ಡ್ಯೂ ಕೋರ್ಸ್. ಎದುರಿಗೆ ಸಿಕ್ಕಾಗ ‘ಸಾರ್’ ಎನ್ನುತ್ತಿದ್ದರು. ಅವನು ಬಾಗಿಲು ದಾಟಿದ ಮೇಲೆ ‘ಎಲ್ಲಿಗಪ್ಪಾ ಹೊರಟ ಡ್ಯೂ ಕೋರ್ಸು?’ ಎಂದು ಕಿಸಿಕಿಸಿ ನಗುತ್ತಿದ್ದರು. ಮಾವನಿಗೆ ಅದು ಗೊತ್ತಿತ್ತು. ಬೇಸರವೇನೂ ಇರಲಿಲ್ಲ, ಒಳಗೊಳಗೇ ಖುಷಿಯೇ ಇತ್ತೋ ಏನೋ. ನನಗೆ ಮಾತ್ರ ಇವತ್ತಿಗೂ ಆ ಎರಡು ಪದ ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ನಮ್ಮಮ್ಮನ ಕಣ್ಣು ಹೋದದ್ದು ಆ ಎರಡು ಪದಗಳ ದೆಸೆಯಿಂದ ಎಂದು ಎಷ್ಟೋ ವರ್ಷ ನಂಬಿದ್ದವಳು ನಾನು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ಕೋಪ ಸುಮ್ಮಸುಮ್ಮನೆ ಬಂದದ್ದಲ್ಲ.

ಮಾವ ಅಂದರೆ ಅಮ್ಮನ ಒಡಹುಟ್ಟಿದ ತಮ್ಮ. ಅವರ ಅಪ್ಪ ಅಮ್ಮ ಇಬ್ಬರೂ ಬೇಗ ತೀರಿಹೋದರಂತೆ. ಆಗಿನಿಂದ ಅಮ್ಮನೇ ಅವನಿಗೆ ತಾಯಿ. ನನ್ನಪ್ಪನೂ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡರು. ಹೀಗೆ ತಮ್ಮನನ್ನೂ ಮಗಳನ್ನೂ ಅಮ್ಮ ಒಂದೇ ಹೊಲಿಗೆ ಮಿಷನ್ನಿನ ಮೇಲೆ ಸಾಕಿದಳು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮಿಷನ್ನು, ಗೋಡೆಗೆ ಮೊಳೆ ಹೊಡೆದು ಕಟ್ಟಿದ ತಂತಿಯಲ್ಲಿ ಹೊಲಿದಿಟ್ಟ ಷರ್ಟುಗಳು, ನೆಲದ ತುಂಬ ಚಿಂದಿ. ಹಿಂದಿನ ಕೋಣೆಯಲ್ಲಿ ನಾನು ಮತ್ತು ಅಮ್ಮ, ಮೇಲಿನ ಒಂಟಿ ಕೋಣೆಯಲ್ಲಿ ಮಾವ. ಅವನು ಮದುವೆಯಾಗಲಿಲ್ಲ. ಯಾಕೋ ಎಂದು ಕೇಳಿದರೆ ‘ಆಗೋಣ, ಆಗೋಣ, ಅದಕ್ಕೂ ಒಂದು ಕಾಲ ಬರುತ್ತೆ’ ಎನ್ನುತ್ತಿದ್ದ. ಹಾಗೆ ಹೇಳುತ್ತಲೇ ತಲೆಯ ಕೂದಲು ಉದುರಿತು.

ಅವನ ಕೆಲಸ ನೀರು ಸರಬರಾಜು ಕಚೇರಿಯಲ್ಲಿ. ಅಲ್ಲಿಗೆ ಬರುವ ದೂರುಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವವನು ಅವನೇ. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಬಂದರೆ ಕೆಂಪಗೆ ಬರುತ್ತದೆ, ಪೈಪು ಒಡೆದು ಬೀದಿಯೆಲ್ಲ ಕೆರೆಯಾಗಿದೆ, ಹೀಗೆ ಊರಿನವರ ಗೋಳೆಲ್ಲ ಅವನ ಮೇಜಿಗೆ ಬಂದು ಬೀಳುತ್ತಿತ್ತು. ಬಂದ ಪ್ರತಿ ಪತ್ರಕ್ಕೂ ತಿಂಗಳೊಳಗೆ ಉತ್ತರ ಹೋಗಲೇಬೇಕೆಂದು ಮೇಲಿನವರ ಕಟ್ಟಪ್ಪಣೆ. ರಿಪೇರಿ ಆಗಲೇಬೇಕೆಂದು ಯಾರೂ ಅಪ್ಪಣೆ ಮಾಡಿರಲಿಲ್ಲ. ಮಾವನ ಎಡಗಡೆಗೆ ಒಂದು ಕಪಾಟು, ಉತ್ತರ ಕೊಡಬೇಕಾದವು. ಬಲಗಡೆಗೆ ಇನ್ನೊಂದು, ಉತ್ತರ ಕೊಟ್ಟಾದವು. ಎಡದ ಕಪಾಟನ್ನು ಸಾಹೇಬರು ಬಂದು ಬಂದು ತೆರೆದು ನೋಡುತ್ತಿದ್ದರು. ಬಲದ ಕಪಾಟನ್ನು ಯಾರೂ ನೋಡುತ್ತಿರಲಿಲ್ಲ. ಉತ್ತರ ಹೋಯಿತೋ, ಫೈಲು ಎಡದಿಂದ ಬಲಕ್ಕೆ ಬಂತೋ, ಅಲ್ಲಿಗೆ ಕಚೇರಿಯ ಲೆಕ್ಕದಲ್ಲಿ ಆ ಕಥೆ ಮುಗಿಯಿತು. ಹೊರಗೆ ಪೈಪು ಸೋರುತ್ತಿದ್ದರೆ ಅದರ ಪಾಡಿಗೆ ಅದು ಸೋರುತ್ತಿರಬಹುದು.

ಎಡದಿಂದ ಬಲಕ್ಕೆ ಫೈಲು ಸಾಗಿಸುವ ಮಂತ್ರವೇ ‘ಇನ್ ಡ್ಯೂ ಕೋರ್ಸ್’. ಸರಿಯಾದ ಸಮಯ ಬಂದಾಗ, ಆಗಬೇಕಾದ ಕಾಲಕ್ಕೆ ಎಂದು ಅರ್ಥ. ಮಾವ ಊಟಕ್ಕೆ ಕೂತಾಗ ಅದರ ಗುಣಗಾನ ಮಾಡುತ್ತಿದ್ದ.

“ನೋಡು, ಬೇಗ ಮಾಡ್ತೀವಿ ಅಂತ ಬರೆದ್ರೆ ಏನಾಗುತ್ತೆ? ಮಾರನೇ ವಾರ ಬಂದು ಇನ್ನೂ ಆಗಿಲ್ವಲ್ಲಾ ಅಂತ ಕೂಗಾಡ್ತಾರೆ. ಮಾಡಕ್ಕಾಗಲ್ಲ ಅಂತ ಬರೆದ್ರೆ ಮೇಲಿನವರ ಹತ್ತಿರ ಹೋಗ್ತಾರೆ. ಇನ್ ಡ್ಯೂ ಕೋರ್ಸ್ ಅಂತ ಬರೀ, ಯಾರೂ ಏನೂ ಅನ್ನೋ ಹಾಗಿಲ್ಲ. ಇಲ್ಲ ಅಂದ ಹಾಗೂ ಆಗ್ಲಿಲ್ಲ, ಹೂಂ ಅಂದು ಸಿಕ್ಕಿಹಾಕಿಕೊಂಡ ಹಾಗೂ ಆಗ್ಲಿಲ್ಲ. ಓದೋನಿಗೂ ಮರ್ಯಾದೆ, ಬರೆಯೋನಿಗೂ ಮರ್ಯಾದೆ.”

“ನೀರು?” ಎಂದು ಕೇಳುತ್ತಿದ್ದೆ ನಾನು.

“ಏನು ನೀರು?”

“ನೀರು ಬರುತ್ತಾ ಆಮೇಲೆ?”

“ನೀರಿಂದು ಬೇರೆ ಸೆಕ್ಷನ್ನು ಕಣೇ” ಎಂದು ಅವನು ನಿಜವಾಗಿಯೂ ಆಶ್ಚರ್ಯದಿಂದ ಹೇಳುತ್ತಿದ್ದ.

ಹಾಗೆಂದು ಮಾವ ಕೆಟ್ಟವನಲ್ಲ. ಮೈಗಳ್ಳನೂ ಅಲ್ಲ. ಪತ್ರವನ್ನು ಅವನಷ್ಟು ಚೊಕ್ಕಟವಾಗಿ ಬರೆಯುವವರು ಆ ಕಚೇರಿಯಲ್ಲಿ ಇರಲಿಲ್ಲ. ಆ ಪದಗಳನ್ನು ಎಲ್ಲಿ ಇಡಬೇಕೆಂದು ಅವನಿಗೆ ಒಂದು ಹದವಿತ್ತು. ಪತ್ರದ ಮೊದಲಲ್ಲೇ ಬಂದರೆ ಓದುವವನಿಗೆ ಸಿಟ್ಟು ಬರುತ್ತದಂತೆ. ಮೊದಲು ‘ತಮ್ಮ ಪತ್ರ ತಲುಪಿದೆ’ ಎನ್ನಬೇಕು, ಆಮೇಲೆ ‘ವಿಷಯ ನಮ್ಮ ಪರಿಶೀಲನೆಯಲ್ಲಿದೆ’ ಎನ್ನಬೇಕು. ಓದುವವನು ತಣ್ಣಗಾಗುವ ಹೊತ್ತಿಗೆ ಕೊನೆಯ ಸಾಲಿನಲ್ಲಿ ಮೆಲ್ಲಗೆ ಇನ್ ಡ್ಯೂ ಕೋರ್ಸ್ ಎಂದು ಇಳಿಸಿಬಿಡಬೇಕು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಒಮ್ಮೆ ನಮ್ಮ ಮನೆ ನಲ್ಲಿಯೇ ಕೈಕೊಟ್ಟಿತು. ದಾರದಷ್ಟು ಸಣ್ಣಗೆ ನೀರು. ಮಾವನಿಗೆ ಹೇಳಿ ಹೇಳಿ ಸಾಕಾಗಿ ಅಮ್ಮ ನನ್ನ ಕೈಯಲ್ಲಿ ದೂರು ಬರೆಸಿ ಅವನ ಕಚೇರಿಗೇ ಅಂಚೆಗೆ ಹಾಕಿಸಿದಳು. ಸ್ವಲ್ಪ ದಿನಕ್ಕೆ ಅಂಚೆಯವನು ಬಂದು ಲಕೋಟೆ ಕೊಟ್ಟ. ಬಾಗಿಲಲ್ಲಿ ನಿಂತು ಅದನ್ನು ಈಸಿಕೊಂಡವನು ಮಾವನೇ. ಒಡೆದು ಅರ್ಥ ಬಿಡಿಸಿ ಜೋರಾಗಿ ಓದಿದ. ತಾನೇ ಬರೆದ ಪತ್ರ. ಮಾನ್ಯ ಮಹನೀಯರೇ, ತಮ್ಮ ಪತ್ರ ತಲುಪಿದೆ, ಇತ್ಯಾದಿ ಇತ್ಯಾದಿ, ಇನ್ ಡ್ಯೂ ಕೋರ್ಸ್. ವಿಳಾಸ ನೋಡದೆ ಬರೆದಿದ್ದನಂತೆ ಪುಣ್ಯಾತ್ಮ. ಅಮ್ಮ ಮಿಷನ್ನಿನ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಅಲ್ವೋ, ಒಂದೇ ಮನೇಲಿದ್ದುಕೊಂಡು ನನಗೆ ಮಾನ್ಯ ಮಹನೀಯರೇ ಅಂತೀಯಲ್ಲೋ’ ಎಂದು ನಗುತ್ತ ನಗುತ್ತ ಅವಳ ಕಣ್ಣಲ್ಲಿ ನೀರು ಬಂತು. ಮಾವನೂ ನಕ್ಕ. ನಲ್ಲಿ ಹಾಗೇ ಇತ್ತು.

ಆ ವರ್ಷವೇ ಅಮ್ಮ ಬಾಗಿಲಿನ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದ್ದು. ಪಕ್ಕದಲ್ಲಿಟ್ಟ ಚಹಾದ ಲೋಟ ಕೈ ತಗುಲಿ ಉರುಳುತ್ತಿತ್ತು. ಗಿರಾಕಿ ಬಂದು ಪಕ್ಕದಲ್ಲಿ ನಿಂತರೂ ಅವಳಿಗೆ ತಿಳಿಯುತ್ತಿರಲಿಲ್ಲ, ಕೆಮ್ಮಿದ ಮೇಲೆ ಬೆಚ್ಚಿ ತಿರುಗುತ್ತಿದ್ದಳು. ಆದರೆ ಎದುರಿಗೆ ಹಿಡಿದ ಸೂಜಿಗೆ ದಾರ ಸಲೀಸಾಗಿ ಪೋಣಿಸುತ್ತಿದ್ದಳು. ‘ಕಣ್ಣು ಸರಿಯಾಗೇ ಇದೆ, ಗಮನ ಇಲ್ಲ ಅಷ್ಟೇ’ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನಾನೇ ಹಟ ಹಿಡಿದು ದೊಡ್ಡ ಬೀದಿಯ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಆಗ ನಾನಿನ್ನೂ ಶಾಲೆಯ ಹುಡುಗಿ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. “ಕಣ್ಣೊಳಗೆ ಒತ್ತಡ ಜಾಸ್ತಿಯಾಗಿದೆ. ಅಂಚಿನ ದೃಷ್ಟಿ ಮೊದಲು ಹೋಗುತ್ತೆ, ಆಮೇಲೆ ನಡುವಿಂದು. ನೋವಾಗಲ್ಲ, ಅದೇ ತೊಂದರೆ. ಹೋದದ್ದು ಬರಲ್ಲಮ್ಮ. ಇರೋದನ್ನ ಉಳಿಸಿಕೊಳ್ಳಬಹುದು. ನಾನು ಕೊಡೋ ಹನಿ ಔಷಧಿ ಸಾಲಲ್ಲ. ದೊಡ್ಡಾಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸ್ಕೊಳ್ಳಿ. ಯಾರಾದ್ರೂ ದೊಡ್ಡವರನ್ನ ಜೊತೆಗೆ ಕರ್ಕೊಂಡು ಹೋಗಿ. ತಡ ಮಾಡ್ಬೇಡಿ.”

ದೊಡ್ಡಾಸ್ಪತ್ರೆ ಇದ್ದದ್ದು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಅಂದು ಸಂಜೆ ಮಾವ ಬೂಟು ಬಿಚ್ಚುತ್ತಿದ್ದಾಗಲೇ ಅಮ್ಮ ಎಲ್ಲ ಹೇಳಿದಳು. ಮಾವನ ಮುಖ ಬಿಳುಚಿಕೊಂಡಿತು. ಅಕ್ಕನೆಂದರೆ ಅವನಿಗೆ ಪ್ರಾಣ.

“ಹೋಗೋಣಕ್ಕ. ಖಂಡಿತ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ. ಕಚೇರೀಲಿ ಈ ಗಲಾಟೆ ಒಂಚೂರು ತಣ್ಣಗಾಗ್ಲಿ.”

ಹಾಗೆ ಹೇಳಿದ್ದೇ ತಡ, ಅವನ ಮುಖಕ್ಕೆ ರಕ್ತ ಮರಳಿತು. ಊಟಕ್ಕೆ ಕೂತ, ಎರಡು ಸಲ ಬಡಿಸಿಕೊಂಡ, ಮೇಲೆ ಹೋಗಿ ಮಲಗಿದ. ಆಗ ನನಗೆ ಅರ್ಥವಾಗಿರಲಿಲ್ಲ, ಆಮೇಲಾಮೇಲೆ ಆಯಿತು. ಮಾವನ ತಲೆಯೊಳಗೂ ಅಂಥವೇ ಎರಡು ಕಪಾಟು. ಉತ್ತರ ಕೊಟ್ಟಾಯಿತು ಎಂದರೆ ಅವನ ಎದೆ ಹಗುರಾಗುತ್ತಿತ್ತು. ಮಾಡಿ ಮುಗಿಸಿದವನಿಗೆ ಎಷ್ಟು ಸಮಾಧಾನವಾಗಬೇಕೋ ಅಷ್ಟೂ ಸಮಾಧಾನ ಅವನಿಗೆ ಉತ್ತರ ಕೊಟ್ಟ ಕೂಡಲೇ ಸಿಗುತ್ತಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಹೇಳುವಾಗ ಮನಸ್ಸಿಟ್ಟೇ ಹೇಳುತ್ತಿದ್ದ. ಹೇಳಿದ ಮೇಲೆ ಅದು ಬಲದ ಕಪಾಟು ಸೇರಿಬಿಡುತ್ತಿತ್ತು.

ಅಮ್ಮ ಮತ್ತೆ ಕೇಳಿದಳು. ‘ಈ ಸಾಹೇಬರು ವರ್ಗವಾಗಿ ಹೋಗ್ಲಿ ಅಕ್ಕ.’ ಮತ್ತೆ ಕೇಳಿದಳು. ‘ಬಿಸಿಲು ಇಳೀಲಿ, ಬಸ್ಸಲ್ಲಿ ಈ ಸೆಖೆ ನಿನಗೆ ತಡ್ಕೊಳ್ಳೋಕಾಗಲ್ಲ.’ ಬಿಸಿಲು ಇಳಿಯಿತು, ಮಳೆ ಬಂತು, ಮಳೆಯೂ ಒಂದು ಕಾರಣವಾಯಿತು. ಅಮ್ಮ ಒಮ್ಮೆಯೂ ದನಿ ಏರಿಸಲಿಲ್ಲ. ಅವನು ಹೂಂ ಎಂದ ಕೂಡಲೇ ‘ಸರಿಯಪ್ಪಾ’ ಎಂದು ಮಿಷನ್ನಿನ ಕಡೆ ತಿರುಗಿಬಿಡುತ್ತಿದ್ದಳು.

ಎದುರುಮನೆಯಲ್ಲಿ ಒಬ್ಬಳು ಗುಂಡಿ ಕಾಜ ಮಾಡಿಕೊಡುವ ಹೆಂಗಸಿದ್ದಳು. ಅಮ್ಮನ ಷರ್ಟುಗಳಿಗೆಲ್ಲ ಅವಳದೇ ಕಾಜ. ಗಟ್ಟಿಗಿತ್ತಿ, ಬಾಯಿ ಬೊಂಬಾಯಿ. ಒಂದು ದಿನ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನಕ್ಕಾ, ನಿನ್ನ ತಮ್ಮ ಕರ್ಕೊಂಡು ಹೋಗೋ ಹೊತ್ತಿಗೆ ನೀನು ಮುದುಕಿ ಆಗ್ತೀಯ. ನಾಳೆ ಬೆಳಗ್ಗೆ ಹೊರಡು, ನಾನು ಬರ್ತೀನಿ. ನನ್ನ ನಾದಿನಿ ಆ ಆಸ್ಪತ್ರೇಲೇ ಆಯಾ. ಬಾಗಿಲಲ್ಲೇ ಕಾದಿದ್ದು ಕರ್ಕೊಂಡು ಹೋಗ್ತಾಳೆ.”

“ಬೇಡಮ್ಮಾ, ನಿನ್ನ ಕೆಲಸ ಯಾಕೆ ಕೆಡಿಸ್ಕೋತೀಯ. ನನ್ನ ತಮ್ಮ ಇದಾನಲ್ಲ.”

“ಇದಾನೆ, ಇದಾನೆ. ಮೇಲ್ಗಡೆ ಗೊರಕೆ ಹೊಡೀತಾ ಇದಾನೆ.”

ಅಮ್ಮ ನಕ್ಕಳೇ ಹೊರತು ಜಗ್ಗಲಿಲ್ಲ. ಕಾಜದವಳು ಹೋದ ಮೇಲೆ ನಾನು ಅಮ್ಮನ ಜೊತೆ ಜಗಳಕ್ಕೆ ನಿಂತೆ. ‘ಅವರ ಜೊತೆ ಹೋದ್ರೆ ಏನಮ್ಮಾ? ಇಲ್ಲಾ ನಾನೇ ಬರ್ತೀನಿ’ ಎಂದೆ. ‘ನೀನು ಚಿಕ್ಕವಳು, ಅಲ್ಲಿ ಸಹಿಗಿಹಿ ಹಾಕೋಕೆ ದೊಡ್ಡವರು ಬೇಕು. ಮಾವ ಬರಲಿ ಬಿಡು’ ಎಂದಳು. ಮಾವನ ಮೇಲೆ ಅಮ್ಮನಿಗೆ ಎಂಥ ಕುರುಡು ನಂಬಿಕೆ ಎಂದು ನಾನು ಹಲ್ಲು ಕಡಿದೆ. ಮೇಲೆ ಹತ್ತಿ ಹೋಗಿ ಮಾವನನ್ನು ತರಾಟೆಗೆ ತೆಗೆದುಕೊಂಡೆ. ಅವನು ಹಾಸಿಗೆಯ ಮೇಲೆ ಎದ್ದು ಕೂತು, ನನ್ನ ಮಾತು ನಿಜಕ್ಕೂ ಅರ್ಥವಾಗದವನಂತೆ, “ಹೇಳಿದೀನಲ್ಲೇ, ಹೋಗೋಣ ಅಂತ” ಎಂದ.

ಆಮೇಲೆ ಒಂದು ಶಾಲೆಯ ಸಮವಸ್ತ್ರದ ಕೆಲಸ ಬಂತು. ರಾಶಿ ರಾಶಿ ನೀಲಿ ಬಟ್ಟೆ. ಒಂದು ಮಧ್ಯಾಹ್ನ ನಾನು ಮನೆಗೆ ಬಂದಾಗ ಅಮ್ಮ ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ತೊಡೆಯ ಮೇಲಿದ್ದ ಷರ್ಟಿನಲ್ಲಿ ಹೊಲಿಗೆ ನೆಟ್ಟಗೆ ಹೋಗುತ್ತ ಹೋಗುತ್ತ ಬಟ್ಟೆಯ ಅಂಚು ಬಿಟ್ಟು ಹೊರಗೆ ಹೋಗಿತ್ತು. ಎಡಗೈ ತೋರುಬೆರಳಿಗೆ ಚಿಂದಿ ಸುತ್ತಿಕೊಂಡಿದ್ದಳು. ಸೂಜಿ ಉಗುರಿನ ಮೇಲೇ ಇಳಿದಿತ್ತು.

“ದೀಪ ಹಾಕು ಮಗೂ” ಎಂದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು.

ನಾನು ಪುಸ್ತಕದ ಚೀಲ ಅಲ್ಲೇ ಎಸೆದು ಓಡಿದೆ. ಮಾವನ ಕಚೇರಿ ಹತ್ತಿರವೇ. ಉದ್ದನೆಯ ಕೋಣೆ, ಮೇಲೆ ಕರಕರ ಎನ್ನುವ ಫ್ಯಾನು, ಅರ್ಜಿ ಹಿಡಿದು ನಿಂತ ಜನ. ಮಾವ ತನ್ನ ಎರಡು ಕಪಾಟುಗಳ ನಡುವೆ ಕೂತು ಬರೆಯುತ್ತಿದ್ದ. ನನ್ನನ್ನು ಕಂಡು ನಕ್ಕ. “ಏನೇ ಇಲ್ಲಿ? ಕೂತ್ಕೋ, ಇದೊಂದು ಮುಗಿಸ್ತೀನಿ.”

“ಅಮ್ಮನಿಗೆ ಕಾಣ್ತಾ ಇಲ್ಲ ಮಾವ.”

“ಹೌದೌದು, ಹೋಗೋಣ ಅಂತ ಹೇಳಿದೀನಲ್ಲ. ಬರೋ ವಾರ...”

ನನಗೆ ಏನಾಯಿತೋ ಗೊತ್ತಿಲ್ಲ. ಕೋಣೆಯೆಲ್ಲ ಕೇಳುವ ಹಾಗೆ ಕಿರುಚಿದೆ. “ಹಗಲು ಹೊತ್ತಲ್ಲಿ ದೀಪ ಹಾಕು ಅಂತಾಳೆ ಮಾವ! ಕಾಣ್ತಾ ಇಲ್ಲ! ನಮ್ಮಮ್ಮನಿಗೆ ಕಾಣ್ತಾ ಇಲ್ಲ!”

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮಾವನ ಕೈಯಲ್ಲಿದ್ದ ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತು ಶಾಯಿ ಹರಡಿತು. ಅವನು ಎದ್ದ. ಬರೆಯುತ್ತಿದ್ದದ್ದನ್ನು ಹಾಗೇ ಬಿಟ್ಟು, ರಜೆ ಕೇಳದೆ, ಯಾರಿಗೂ ಹೇಳದೆ ಬೀದಿಗೆ ಇಳಿದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಂಜೆಯ ಬಸ್ಸಿಗೇ ಹೊರಟೆವು. ಬಸ್ಸಿನ ತುಂಬ ಮಾವ ಅಮ್ಮನ ಕೈ ಹಿಡಿದುಕೊಂಡಿದ್ದ, ಅಮ್ಮ ಇನ್ನೊಂದು ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಳು.

ದೊಡ್ಡಾಸ್ಪತ್ರೆಯ ಡಾಕ್ಟರು ಮೊದಲಿನ ಚೀಟಿಯ ತಾರೀಖು ನೋಡಿದರು, ಅಮ್ಮನ ಕಣ್ಣು ನೋಡಿದರು, ಆಮೇಲೆ ಮಾವನನ್ನು ನೋಡಿದರು. “ಆಗಲೇ ಬಂದಿದ್ರೆ ಉಳಿಸಬಹುದಿತ್ತು” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಡಗಣ್ಣು ಪೂರ್ತಿ ಹೋಗಿತ್ತು. ಬಲಗಣ್ಣಿಗೆ ಆಪರೇಷನ್ ಮಾಡಿದರು. ಅದರಲ್ಲಿ ಸ್ವಲ್ಪ ಕಾಲ ಬೆಳಕಿನ ಒಂದು ಚೂರು ಉಳಿದಿತ್ತು, ಕಿಟಕಿ ಎಲ್ಲಿದೆ ಎಂದು ತಿಳಿಯುವಷ್ಟು. ಆಮೇಲೆ ಅದೂ ಆರಿತು.

ಮಿಷನ್ನಿನ ಮುಂದೆ ನಾನು ಕೂತೆ. ಓದು ಅಲ್ಲಿಗೇ ನಿಂತಿತು. ಕಷ್ಟವಾಗಲಿಲ್ಲ ಎಂದರೆ ಸುಳ್ಳು, ಆದರೆ ಕೆಲಸ ಕೈಗೆ ಹತ್ತಿತು. ಮಾವನ ಜೊತೆ ಮಾತ್ರ ನಾನು ವರ್ಷಗಟ್ಟಲೆ ನೆಟ್ಟಗೆ ಮಾತಾಡಲಿಲ್ಲ. ತಟ್ಟೆ ಅವನ ಮುಂದೆ ಕುಕ್ಕುತ್ತಿದ್ದೆ. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ.

ಕಚೇರಿಯಲ್ಲಿ ಅವನು ಬದಲಾದದ್ದು ಬೇರೆಯವರ ಬಾಯಿಂದ ತಿಳಿಯಿತು. ಪೈಪು ಒಡೆದ ಒಂದು ದೂರಿಗೆ ‘ಗುರುವಾರ ರಿಪೇರಿ ಮಾಡಲಾಗುವುದು’ ಎಂದು ಬರೆದು ಸಹಿಗೆ ಇಟ್ಟನಂತೆ. ಸಾಹೇಬರು ಕರೆಸಿದರು.

“ಗುರುವಾರ ಮಾಡ್ತಾರೆ ಅಂತ ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ ಸಾರ್. ಒಂದು ದಿನ ಅಂತ ಹೇಳಬೇಕಲ್ಲ.”

“ನಿಮಗೇನು ತಲೆ ಕೆಟ್ಟಿದೆಯೇನ್ರೀ?” ಎಂದು ಸಾಹೇಬರು ಗುರುವಾರವನ್ನು ಹೊಡೆದು ಹಾಕಿ, ಮೇಲೆ ತಮ್ಮ ಕೈಯಾರೆ ಇನ್ ಡ್ಯೂ ಕೋರ್ಸ್ ಎಂದು ಬರೆದು ಕೊಟ್ಟರಂತೆ. ಮಾವ ಅದನ್ನೇ ತಂದು ಟೈಪು ಮಾಡಿದ. ಇನ್ನೇನು ಮಾಡುತ್ತಾನೆ? ಕೆಲಸ ಬಿಟ್ಟರೆ ಈ ಮನೆ ನಡೆಯುತ್ತಿರಲಿಲ್ಲ. ನಿವೃತ್ತಿಯಾಗುವವರೆಗೂ ಅದನ್ನೇ ಬರೆದ. ಅದನ್ನು ಕೇಳಿದ ದಿನ ನನಗೆ ಮೊದಲ ಸಲ ಅವನ ಮೇಲೆ ಅಯ್ಯೋ ಅನ್ನಿಸಿತು.

ಮನೆಯಲ್ಲಂತೂ ಅವನು ಆಳಿಗಿಂತ ಕಡೆಯಾಗಿದ್ದ. ಅಮ್ಮ ‘ಬಾಯಾರಿಕೆ’ ಎಂದು ಬಾಯಿ ಬಿಡುವಷ್ಟರಲ್ಲಿ ನೀರು ತಂದು ಹಿಡಿಯುತ್ತಿದ್ದ. ‘ನಾಳೆ ಒಂದು ಚಪ್ಪಲಿ ತರಬೇಕು’ ಎಂದರೆ ಅನ್ನದ ಕೈ ತೊಳೆದು ಆಗಲೇ ಹೊರಡುತ್ತಿದ್ದ. ‘ಅಯ್ಯೋ ಕೂತ್ಕೊಂಡು ಉಣ್ಣೋ ಮಾರಾಯಾ’ ಎಂದು ಅಮ್ಮನೇ ಗದರಬೇಕಾಗುತ್ತಿತ್ತು. ಬಾಯಲ್ಲಿ ಮಾತ್ರ ಆ ಒಂದು ವಿಷಯ ಎತ್ತಿದವನಲ್ಲ. ನುಂಗಿಕೊಂಡು ನುಂಗಿಕೊಂಡು ಒಣಗಿ ಕಡ್ಡಿಯಾದ.

ಹೋದ ವರ್ಷ ಒಂದು ಮಧ್ಯಾಹ್ನ ಮೂವರೂ ಮುಂದಿನ ಕೋಣೆಯಲ್ಲಿದ್ದೆವು. ನಾನು ಕಾಲರ್ ಹೊಲಿಯುತ್ತಿದ್ದೆ, ಅಮ್ಮ ಗುಂಡಿಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಅಳತೆಯ ಪ್ರಕಾರ ಬೇರೆ ಮಾಡುತ್ತಿದ್ದಳು. ಮಾವ ಇದ್ದಕ್ಕಿದ್ದಂತೆ ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತ.

“ಅಕ್ಕಾ, ನಿನ್ನ ಕಣ್ಣು ಹಾಳು ಮಾಡಿದ್ದು ನಾನು. ನೀನು ಎಷ್ಟು ಸಲ ಕೇಳ್ದೆ. ನನ್ನನ್ನ ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ.”

ನಾನು ಮಿಷನ್ನು ನಿಲ್ಲಿಸಿದೆ. ಅಮ್ಮನ ಬೆರಳುಗಳೂ ನಿಂತವು.

“ಥೂ ಹುಚ್ಚಪ್ಪಾ” ಎಂದಳು ಅಮ್ಮ. “ಇದನ್ನ ಇಷ್ಟು ವರ್ಷ ಹೊತ್ಕೊಂಡು ತಿರುಗ್ತಾ ಇದೀಯಾ? ನಿನ್ನ ತಪ್ಪೇನೂ ಇಲ್ಲ ಕಣೋ. ನನಗೆ ಹೆದರಿಕೆ ಇತ್ತು. ಕಣ್ಣಿಗೆ ಕತ್ತರಿ ಹಾಕ್ತಾರೆ ಅಂದ್ರೆ ನನ್ನ ಜೀವ ಬಾಯಿಗೆ ಬರ್ತಿತ್ತು. ಒಂದ್ಸಲ ಕತ್ತರಿ ಆಡಿಸಿದ್ಮೇಲೆ ಬಟ್ಟೆ ಮೊದಲಿನ ಹಾಗೆ ಆಗುತ್ತಾ? ಜೀವಮಾನ ಎಲ್ಲ ಕತ್ತರಿ ಹಿಡಿದೋಳು, ನನಗೆ ಗೊತ್ತಿಲ್ವಾ? ಹೋಗ್ದೇ ಇರೋಕೆ ಏನಾದ್ರೂ ಒಂದು ನೆವ ಬೇಕಿತ್ತು. ಕಾಜದೋಳ ಹತ್ತಿರ ಹೂಂ ಅಂದಿದ್ರೆ ಮಾರನೇ ದಿನಾನೇ ಎಳ್ಕೊಂಡು ಹೋಗ್ತಿದ್ಳು. ಈ ಹುಡುಗಿ ಜೊತೆ ಹೊರಟಿದ್ರೂ ಇವಳು ಬಿಡ್ತಿರಲಿಲ್ಲ. ಅದಕ್ಕೇ ನಿನ್ನೊಬ್ಬನನ್ನೇ ಕೇಳ್ತಿದ್ದೆ.”

ಇಷ್ಟು ವರ್ಷ ಯಾರ ಮುಂದೆ ತಟ್ಟೆ ಕುಕ್ಕಿದೆ, ಯಾರನ್ನು ತಲೆಯ ಮೇಲೆ ಹೊತ್ತು ನೋಡಿಕೊಂಡೆ ಎಂದು ಈಗ ನನಗೆ ಹೊಳೆಯಿತು. ಅಮ್ಮನ ಮೇಲೆ ಸಿಟ್ಟು ಉಕ್ಕಿ ಬಂತು.

ಮಾವ ತಲೆಯೆತ್ತಿ ಕೇಳಿದ. “ಅಂದ್ರೆ ನಾನು ಕರ್ಕೊಂಡು ಹೋಗಲ್ಲ ಅಂತ ನಿನಗೆ ಗೊತ್ತಿತ್ತಾ ಅಕ್ಕಾ?”

“ಗೊತ್ತಿಲ್ದೆ ಏನು? ನಿನ್ನನ್ನ ಎತ್ತಿ ಆಡಿಸಿದೋಳು ನಾನು.”

“ಒಂದ್ಸಲಾನೂ... ಈ ಸಲ ಕರ್ಕೊಂಡು ಹೋಗ್ತಾನೆ ಅಂತ ಒಂದ್ಸಲಾನೂ ಅನ್ನಿಸ್ಲಿಲ್ವಾ?”

“ಇಲ್ಲಪ್ಪಾ” ಎಂದಳು ಅಮ್ಮ, ಅಕ್ಕರೆಯಿಂದಲೇ.

ಮಾವನ ಮುಖ ನನಗೆ ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗಲೂ ಅವನ ಮುಖ ಹಾಗೆ ಆಗಿರಲಿಲ್ಲ. ಬಾಯಿಗೆ ಹೆಗಲ ಮೇಲಿನ ಬಟ್ಟೆ ತುರುಕಿಕೊಂಡು, ಸದ್ದು ಬಾರದ ಹಾಗೆ ಅಳುತ್ತಿದ್ದ. ಸಾಕು ನಿಲ್ಲಿಸಮ್ಮಾ ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ಅಮ್ಮನಿಗೆ ಅವನು ಕಂಡಿದ್ದರೆ ಅವಳೇ ಅಲ್ಲಿಗೆ ನಿಲ್ಲಿಸಿಬಿಡುತ್ತಿದ್ದಳು. ಕಾಣಲಿಲ್ಲ. ತಮ್ಮನ ಎದೆ ಹಗುರಾಗುತ್ತಿದೆ ಎಂದುಕೊಂಡು ಅವಳು ಅವನ ತಲೆ ಎಲ್ಲಿದೆಯೆಂದು ತಡವಿ ತಡವಿ ಹುಡುಕಿ, ಅದರ ಮೇಲೆ ಕೈಯಿಟ್ಟು, ಅವನು ಕರೆದುಕೊಂಡು ಹೋಗುವುದಿಲ್ಲವೆಂದು ತನಗೆ ಎಷ್ಟು ಭರವಸೆಯಿತ್ತು ಎಂಬುದನ್ನು ಇನ್ನೂ ಬಿಡಿಸಿ ಬಿಡಿಸಿ ಹೇಳುತ್ತಲೇ ಹೋದಳು.